ಶುಕ್ರವಾರ ಯಾರ ಪಾಳಿ?

ಇದನ್ನು ಓದಿ ಅಳು ಬಂದರೆ ದಯವಿಟ್ಟು ಕಣ್ಣೀರಿನ ಇಮೋಜಿ ಹಾಕಬೇಡಿ... ಇದು ಚೆನ್ನಾಗಿ ಅಳುವವರದೇ ಕಥೆ.

ಗದಗಿನಲ್ಲಿ ನೀಲವ್ವ ಅಂತ ಒಬ್ಬ ತಾಯಿ. ಲಕ್ವಾ ಹೊಡೆದು ಎಡಗೈ, ಎಡಗಾಲು ಸ್ವಾಧೀನ ತಪ್ಪಿದ್ದವು.

ಮಕ್ಕಳು ಮೂವರು. ದೊಡ್ಡವನು ವಿರೂಪಾಕ್ಷ, ನಡುವಿನವಳು ಗಿರಿಜಾ, ಕಿರಿಯವನು ಮೃತ್ಯುಂಜಯ. ಮೂವರೂ ಅದೇ ಊರಲ್ಲಿ.

ತಾಯಿ ಒಂದೊಂದು ತಿಂಗಳು ಒಬ್ಬೊಬ್ಬರ ಮನೆಯಲ್ಲಿ. ಅದಕ್ಕೆ ಅವರು ಇಟ್ಟ ಹೆಸರು "ಅವ್ವನ ಪಾಳಿ".

ಆ ಸಲ ಒಂದನೇ ತಾರೀಖು ಶುಕ್ರವಾರ ಬಿತ್ತು. ದೊಡ್ಡವನ ಪಾಳಿ ಮುಗಿದು ಕಿರಿಯವನದು ಶುರುವಾಗುವ ದಿನ.

ಗುರುವಾರ ಸಂಜೆಯೇ ಮೃತ್ಯುಂಜಯನ ಫೋನ್...

"ಅಣ್ಣಾ, ಶುಕ್ರವಾರ ಮನಿ ಹೆಣ್ಮಕ್ಕಳನ್ನ ಹೊರಗ ಕಳಸಬಾರ್ದು. ಲಕ್ಷ್ಮಿ ಹೋಗ್ತಾಳ. ಅವ್ವನ್ನ ಶನಿವಾರ ಕಳಸು."

ಪದ್ಧತಿ ನಿಜ. ನಮ್ಮ ಕಡೆ ಮಗಳನ್ನೂ ಶುಕ್ರವಾರ ಗಂಡನ ಮನೆಗೆ ಕಳಿಸುವುದಿಲ್ಲ. ಆದರೆ ತಾಯಿಯನ್ನು ಅವನು ಲಕ್ಷ್ಮಿ ಅಂದದ್ದು ಅದೇ ಮೊದಲು!

"ಆತು, ನೋಡೂಣು" ಅಂದ ಅಣ್ಣ. ತಮ್ಮ ಒಂದು ದಿನ ತನ್ನ ತಲೆಗೆ ಕಟ್ಟುತ್ತಿದ್ದಾನೆ ಅಂತ ಒಳಗೊಳಗೇ ಸಿಟ್ಟು.

ಶುಕ್ರವಾರ ಮಧ್ಯಾಹ್ನ ಊಟವಾದ ಕೂಡಲೇ ತಾಯಿಯನ್ನು ಆಟೋದಲ್ಲಿ ಕೂರಿಸಿ ತಮ್ಮನ ಮನೆಗೆ ಕಳಿಸಿಬಿಟ್ಟ. ಫೋನ್ ಮಾಡಲಿಲ್ಲ. ಮಾಡಿದರೆ ಅವನು ಬೇಡ ಅನ್ನುತ್ತಾನಲ್ಲ...

ಅಲ್ಲಿ ನೋಡಿದರೆ ಬೀಗ.

ಆಟೋದವನು ನೀಲವ್ವನನ್ನು ಎತ್ತಿ ಕಟ್ಟೆಯ ಮೇಲೆ ಕೂರಿಸಿ ಕೇಳಿದ, "ಯವ್ವಾ, ಯಾರೂ ಇಲ್ಲಲ್ಲ... ವಾಪಸ್ ಕರ್ಕೊಂಡ್ ಹೋಗ್ಲೇನು?"

"ಬ್ಯಾಡಪಾ. ಅಲ್ಲಿ ನನ್ನ ಪಾಳಿ ಮುಗದೈತಿ. ನೀ ಹೋಗು."

ಆ ಶುಕ್ರವಾರವೇ ಊರಿನಲ್ಲಿ ಹೊಸ ಸಿನಿಮಾ ಬಿಡುಗಡೆ. ಹಾಸಿಗೆ ಹಿಡಿದ ಅಪ್ಪನನ್ನು ಅಣ್ಣ ತಮ್ಮ ತಂಗಿಯರು ಕೂಡಿ ಸಾಕುವ ಕಥೆ. "ಅಪ್ಪ ನನ್ನ ಹತ್ರಾನೇ ಇರಲಿ" ಅಂತ ಅವರು ಜಗಳಾಡುವ ಸೀನಿಗೆ ಇಡೀ ಥಿಯೇಟರ್ ಮೂಗು ಸೀಟುತ್ತಿತ್ತು.

ಇಂಟರ್‌ವಲ್ ಆಯಿತು. ಪಾಪ್‌ಕಾರ್ನ್ ಸಾಲಿನಲ್ಲಿ ಮೂರು ಜನ ಎದುರುಬದುರಾದರು. ಮೂವರ ಕಣ್ಣೂ ಅತ್ತು ಅತ್ತು ಕೆಂಪು.

ವಿರೂಪಾಕ್ಷ, ಗಿರಿಜಾ, ಮೃತ್ಯುಂಜಯ!

"ಅಣ್ಣಾ... ನೀ ಇಲ್ಲಿ ಅದೀ ಅಂದ್ರ ಅವ್ವನ ಹತ್ರ ಯಾರದಾರ?"

"ನಿನ್ನ ಮನೀಗೆ ಕಳಿಸೇನಲ್ಲೋ!"

"ನನ್ನ ಮನೀಗೆ ಬೀಗ ಐತಿ! ಶನಿವಾರ ಅಂತ ಹೇಳಿದ್ನಿಲ್ಲ?"

ಇಬ್ಬರೂ ಗಿರಿಜಾಳ ಮುಖ ನೋಡಿದರು. "ನನ್ನ ಕಡೆ ಏನ್ ನೋಡ್ತೀರಿ? ನನ್ನ ಪಾಳಿ ಮುಂದಿನ ತಿಂಗಳ ಐತಿ" ಅಂದಳು ಅವಳು.

"ನೀ ಹೋಗು", "ನೀ ಕಳಿಸಿದಿ, ನೀನೇ ಹೋಗು" ಅಂತ ವಾದ ನಡೆಯುತ್ತಿರುವಾಗಲೇ ಬೆಲ್ ಹೊಡೆಯಿತು...

"ಎದುರುಮನಿ ಕಾಶವ್ವ ಇರ್ತಾಳ, ನೋಡ್ಕೊಂತಾಳ. ಕ್ಲೈಮ್ಯಾಕ್ಸ್ ಭಾಳ ಚಲೋ ಐತಂತ..."

ಇದನ್ನು ಅಂದವರು ಯಾರು ಅಂತ ಆಮೇಲೆ ಮೂವರೂ ಒಪ್ಪಿಕೊಳ್ಳಲಿಲ್ಲ. ಆದರೆ ಮೂವರೂ ಒಳಗೆ ಹೋಗಿ ಕೂತರು.

ಕ್ಲೈಮ್ಯಾಕ್ಸಿಗೆ ಗಿರಿಜಾ ಬಿಕ್ಕಿ ಬಿಕ್ಕಿ ಅತ್ತಳು. ವಿರೂಪಾಕ್ಷ ಹೊರಗೆ ಬರುತ್ತಲೇ ಸ್ಟೇಟಸ್ ಹಾಕಿದ... "ಹೆತ್ತವರೇ ದೇವರು. ತಪ್ಪದೇ ನೋಡಿ."

ಅವರು ಮನೆ ಮುಟ್ಟಿದಾಗ ಕಟ್ಟೆಗೆ ಬಿಸಿಲು ಹೊಡೆದು ಹೊಡೆದು ಇಳಿದಿತ್ತು. ನೀಲವ್ವ ಬಾಗಿಲಿಗೆ ಒರಗಿ ಕೂತಿದ್ದಳು. ತುಟಿ ಒಣಗಿತ್ತು. ಸೀರೆ ಒದ್ದೆಯಾಗಿತ್ತು.

ಪಕ್ಕದಲ್ಲಿ ಕಾಶವ್ವ ತಂದಿಟ್ಟ ನೀರಿನ ತಂಬಿಗೆ ತುಂಬಿದ ಹಾಗೇ ಇತ್ತು.

"ಒಳಗ ಬಾರವ್ವಾ ಅಂದ್ರ ಬರಲಿಲ್ಲ. ಫೋನ್ ಹಚ್ಚಲೇನು ಅಂದ್ರ ಬ್ಯಾಡ ಅಂದ್ಲು" ಅಂದಳು ಕಾಶವ್ವ. "ಮಕ್ಕಳು ಮೂರೂ ಮಂದಿ ನನ್ನ ಔಷಧ ತರಾಕ ಹೋಗ್ಯಾರ ಅಂತ ಹೇಳಿದ್ಲು... ನೀರು ಕುಡಿದ್ರ ಮತ್ತ ಏಳಬೇಕಾಗತೈತಿ, ಎಬ್ಬಿಸವ್ರು ಯಾರು ಅಂತ ಹನಿ ನೀರೂ ಮುಟ್ಟಲಿಲ್ಲ. ತಂದ್ರೇನಪಾ ಔಷಧ?"

ಮೃತ್ಯುಂಜಯನ ಕೈಯಲ್ಲಿ ಇನ್ನೂ ಅರ್ಧ ಪಾಪ್‌ಕಾರ್ನ್ ಇತ್ತು.

ನಾಚಿಕೆಯಾಗಬೇಕಿತ್ತು. ಆದರೆ ಆದದ್ದು ಜಗಳ.

"ಇವತ್ತ ಒಂದನೇ ತಾರೀಖು, ನಿನ್ನ ಪಾಳಿ!"

"ಶುಕ್ರವಾರ ನಿಂದೇ ಐತಿ, ನಾಳೆಯಿಂದ ನಂದು!"

ನೀಲವ್ವ ಆಡುವ ಕೈಯನ್ನು ಮೆಲ್ಲಗೆ ಎತ್ತಿದಳು. ಮೂವರೂ ಅವಳ ಕಡೆ ತಿರುಗಿದರು.

"ಜಗಳಾಡಬ್ಯಾಡ್ರಿ... ಇವತ್ತ ನನ್ನ ಪಾಳಿ ಇತ್ರಪಾ. ನನ್ನನ್ನ ನನಗ ಸರಿಯಾಗಿ ನೋಡ್ಕೊಳ್ಳಾಕ ಆಗಲಿಲ್ಲ."

ಥಿಯೇಟರಿನಲ್ಲಿ ಅಷ್ಟು ಅತ್ತವರಿಗೆ ಆಗ ಒಂದು ಹನಿಯೂ ಬರಲಿಲ್ಲ. ಬಾಯಿಗೆ ಸೆರಗು ಒತ್ತಿಕೊಂಡು ಅತ್ತವಳು ಎದುರುಮನೆ ಕಾಶವ್ವ ಒಬ್ಬಳೇ. ಸೀರೆ ಬದಲಿಸಿದವಳೂ ಅವಳೇ.

*ಪರದೆಯ ಮೇಲಿನ ಅಪ್ಪನಿಗಾಗಿ ಅಳುವುದು ಸುಲಭ... ಅವನ ಬಟ್ಟೆ ನಾವು ಒಗೆಯಬೇಕಾಗಿಲ್ಲ.*

ಫೋನ್ ಕೆಳಗಿಡುವ ಮೊದಲು ಒಂದೇ ಪ್ರಶ್ನೆ... ನಿಮ್ಮ ಮನೆಯಲ್ಲಿ ಇವತ್ತು ಯಾರ ಪಾಳಿ?