ಕಪ್ಪೆ ಇದ್ದ ಕಲ್ಲು

ಬಿಲ್ಡಿಂಗ್ ಎದುರು ಯಾರಾದರೂ ಕಲ್ಲು ಒಡೆದರೆ, ಆ ವಾಸನೆಗೆ ಇಂದಿಗೂ ಕಿಟಕಿ ಮುಚ್ಚುತ್ತೇನೆ.

ವರ್ಲಿ ಗುಡ್ಡದಲ್ಲಿ ಪಾಯ ಅಗೆಯುತ್ತಿದ್ದ ಅಪ್ಪನಿಗೆ, ಸೀಳಿದ ಕಪ್ಪು ಪದರಗಲ್ಲಿನೊಳಗೆ ಪುಟ್ಟ ಕಪ್ಪೆಯ ಎಲುಬುಗೂಡು ಸಿಕ್ಕಿತ್ತು. ನಾನು ಫೀಸಿಲ್ಲದೆ ಫ್ರೀಶಿಪ್ ಮೇಲೆ ಓದುತ್ತಿದ್ದ ಕಾನ್ವೆಂಟಿಗೆ ಅದನ್ನು ಒಯ್ದೆ. "ಮೈ ಗಾಡ್, ಫಾಸಿಲ್! ಡೈನೋಸಾರ್ ಕಾಲದ್ದು! ಯಾರಿಗೆ ಸಿಕ್ಕಿತು?" ಎಂದರು ಸೈನ್ಸ್ ಮಿಸ್. ಕ್ಲಾಸಿನೆದುರು ಕೂಲಿಯವನ ಮಗಳೆನ್ನಲು ಶೇಮ್ ಆಗಿ, "ನನಗೇ, ಮಿಸ್" ಎಂದೆ.

ಎಕ್ಸಿಬಿಷನ್ ದಿನ ಅಪ್ಪ ಒಗೆದ ಧೋತರ ಉಟ್ಟು ಬಂದ. "ಒಂದ ಏಟಿಗೆ ಸೀಳೀನಿ ನೋಡವ್ವಾ, ಕಪ್ಪಿ ಕಾಲ ಸೈತ ಮುರಿದಿಲ್ಲ" ಎಂದ. ಆಮೇಲೆ, ಓದು ಬಾರದ ಅವನು ಕಲ್ಲಿಟ್ಟಿದ್ದ ಗಾಜಿನ ಪೆಟ್ಟಿಗೆಯೊಳಗಿನ ಲೇಬಲ್ಲಿಗೆ ಬಾಗಿ ಕೇಳಿದ, "ನನ್ನ ಹೆಸರ ಎಲ್ಲೈತಿ?"

ನನ್ನ ಹೆಸರಿನ ಮೇಲೆ ಬೆರಳಿಟ್ಟು, "ಇಲ್ಲೇ, ಅಪ್ಪಾ" ಎಂದೆ.

ಅವನು ಧೋತರದ ಚುಂಗಿನಿಂದ ಅಲ್ಲಿನ ಗಾಜು ಒರೆಸಿದ.