ತಾರಸಿಯಲ್ಲಿ ಖಾಲಿಯಾದ ತಟ್ಟೆ

ಬೆಳಿಗ್ಗೆ ಹನ್ನೊಂದಕ್ಕೆ ಮಗಳ ನರ್ಸರಿಯಿಂದ ಫೋನ್...

"ಮೇಡಂ, ಲಿಖಿತಾ ತಲೆಸುತ್ತಿ ಬಿದ್ಬಿಟ್ಲು. ಗಾಬರಿ ಆಗ್ಬೇಡಿ, ಬೇಗ ಬನ್ನಿ."

ಐದು ತಿಂಗಳ ಹಿಂದೆ ಗಂಡನ ಆಫೀಸಿನಿಂದ ಬಂದ ಫೋನೂ ಹೀಗೇ ಶುರುವಾಗಿತ್ತು. ನಾನು ತಲುಪುವಷ್ಟರಲ್ಲಿ ಅವರಿರಲಿಲ್ಲ.

ಸಿಕ್ಕ ಆಟೋ ಹತ್ತಿದೆ. ಐದು ವರ್ಷದ ಮಗು... ಇವಳೂ ಹೋದರೆ?

ನರ್ಸರಿ ಪಕ್ಕದ ಕ್ಲಿನಿಕ್ಕಿನ ಮಂಚದ ಮೇಲೆ ಮಲಗಿದ್ದಳು. ಕಣ್ಣು ಬಿಟ್ಟಿದ್ದಳು. ತುಟಿ ಬಿಳಿಚಿಕೊಂಡಿತ್ತು.

"ಹೊಟ್ಟೇಲಿ ಏನೂ ಇಲ್ವಲ್ಲಮ್ಮ. ತೂಕಾನೂ ಇಳಿದಿದೆ. ತಿನ್ನೋಕೆ ಏನು ಕೊಡ್ತೀರಿ?" ಡಾಕ್ಟರ್ ಕೇಳಿದರು.

"ದಿನಾ ಮೊಟ್ಟೆ, ಸೊಪ್ಪಿನ ಪಲ್ಯ, ರಾಗಿ ರೊಟ್ಟಿ... ಅವಳೇ ಕೇಳಿ ಹಾಕಿಸ್ಕೊತಾಳೆ ಡಾಕ್ಟ್ರೇ."

ನಿಜ ಅದು. ಒಂದು ತಿಂಗಳಿಂದ ನರ್ಸರಿಯಲ್ಲಿ ಮಕ್ಕಳಿಗೆ ಒಂದು ಕಂಪ್ಯೂಟರ್ ಗೇಮ್ ಆಡಿಸುತ್ತಿದ್ದರು. ಅದರಲ್ಲಿ ಗುಂಡ ಅಂತ ಒಂದು ಗೊಂಬೆ. ಬರೀ ಚಿಪ್ಸ್ ಕೊಟ್ಟರೆ ಜೀವ ಹೋಗಿ ಧೊಪ್ಪೆಂದು ಬೀಳುತ್ತಾನೆ. ಸೊಪ್ಪು, ಮೊಟ್ಟೆ ಕೊಟ್ಟರೆ ಎದ್ದು ಕುಣಿಯುತ್ತಾನೆ.

ಅಂದಿನಿಂದ ಇವಳು ಬೆಳಿಗ್ಗೆ, ಸಂಜೆ ತಟ್ಟೆ ಹಿಡಿದು ತಾರಸಿಗೆ ಓಡುತ್ತಿದ್ದಳು. ಖಾಲಿ ತಟ್ಟೆ ತರುತ್ತಿದ್ದಳು. ನಾನು ಒಂದು ದಿನವೂ ಹಿಂದೆ ಹೋಗಿ ನೋಡಲಿಲ್ಲ...

ಅವಳನ್ನು ಕರೆತಂದಿದ್ದ ನರ್ಸರಿಯ ಪಂಕಜಾ ಮಿಸ್ ಅವಳ ಕೆನ್ನೆ ಹಿಂಡಿದರು. "ಏನೇ ಕಳ್ಳಿ, ಗುಂಡಂಗೆ ಚೆನ್ನಾಗಿ ತಿನ್ನಿಸ್ತೀಯ. ನೀನು ತಿನ್ನಲ್ವಾ?"

"ನಂದು ಅಪ್ಪಂಗೆ, ಮಿಸ್."

ನಾನು ಅವಳತ್ತ ಬಗ್ಗಿದೆ. "ಅಪ್ಪಂಗಾ? ಎಲ್ಲಿ ಕೊಟ್ಟೆ ಪುಟ್ಟಿ?"

"ತಾರಸೀಲಿ. ಅಪ್ಪ ಕಾಗೆ ಆಗಿ ಬಂದು ಎಡೆ ತಿಂದ್ರು ಅಂತ ಅಜ್ಜಿ ಹೇಳಿರ್ಲಿಲ್ವಾ? ದಿನಾ ಬರ್ತಾರಮ್ಮ. ಮೊದ್ಲು ಮೊಟ್ಟೇನೇ ತಿಂತಾರೆ..."

ಹನ್ನೊಂದನೇ ದಿನ ಅತ್ತೆ ತಾರಸಿಯಲ್ಲಿ ಎಡೆ ಇಟ್ಟಿದ್ದರು. ಕಾಗೆ ಬಂದು ಮುಟ್ಟಿದಾಗ ಎಲ್ಲರೂ ಕೈ ಮುಗಿದಿದ್ದರು. ಮಗು ಅದನ್ನು ನೋಡುತ್ತಾ ನಿಂತಿತ್ತು.

"ಗುಂಡಂಗೆ ಮೂರೇ ಮೊಟ್ಟೆ ಸಾಕು. ಅಪ್ಪಂಗೆ ಜೀವ ಬರೋಕೆ ಇನ್ನೆಷ್ಟು ಬೇಕು ಮಿಸ್?"

ಮಿಸ್ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು.

ಉತ್ತರ ನಾನೇ ಹೇಳಬೇಕಿತ್ತು. ಅವಳ ಮುಂದೆ ಆ ಒಂದು ಮಾತು ಆಡಲು ಐದು ತಿಂಗಳಿಂದ ಹೆದರಿದ್ದೆ...

"ಅಪ್ಪ ಸತ್ತುಹೋದ್ರು ಪುಟ್ಟಿ. ಇದು ಗೇಮ್ ಅಲ್ಲ. ಏನು ಕೊಟ್ರೂ ಅಪ್ಪ ವಾಪಸ್ ಬರಲ್ಲ."

ಅವಳು ಕುತ್ತಿಗೆಗೆ ಜೋತುಬಿದ್ದು ಅತ್ತಳು. ನಾನೂ ಅತ್ತೆ. ಅವರು ಹೋದ ಮೇಲೆ ನಾನು ಅತ್ತಿದ್ದು ಅದೇ ಮೊದಲು.

ತುಂಬಾ ಹೊತ್ತಾದ ಮೇಲೆ ಮೂಗು ಒರೆಸಿಕೊಂಡು ಕೇಳಿದಳು...

"ಹಂಗಾದ್ರೆ ನನ್ ಮೊಟ್ಟೆ ಎಲ್ಲಾ ಬರೀ ಕಾಗೆ ತಿಂದ್ಬಿಡ್ತಾ?"

"ಹೂಂ ಪುಟ್ಟಿ."

"ಅಮ್ಮಾ... ಹೊಟ್ಟೆ ಹಸಿವು."

ನಾವು ಹೇಳಲು ಹೆದರಿದ ಸತ್ಯಕ್ಕೆ ಮಕ್ಕಳು ಹೊಟ್ಟೆ ಕಟ್ಟುತ್ತಾರೆ.

ನಿಮ್ಮ ಮಗು ಯಾರಿಗೂ ಹೇಳದೆ ಏನನ್ನು ನಂಬಿಕೊಂಡಿದೆ... ಒಮ್ಮೆಯಾದರೂ ಪಕ್ಕದಲ್ಲಿ ಕೂರಿಸಿಕೊಂಡು ಕೇಳಿದ್ದೀರಾ?