ಮಗ್ಗ ನಿಲ್ಲಿಸಿ ಮಾಡಿದ ರೆಕಾರ್ಡಿಂಗ್

ಆಪರೇಷನ್‌ಗೆ ಡಾಕ್ಟರು ತಾರೀಕು ಕೊಟ್ಟುಬಿಟ್ಟಿದ್ದರು...

ಗುಳೇದಗುಡ್ಡದ ನೇಕಾರ ಬನಪ್ಪನವರಿಗೆ ಗಂಟಲಲ್ಲಿ ಗಡ್ಡೆ. ತೆಗೆದರೆ ಜೀವ ಉಳಿಯುತ್ತದೆ, ದನಿ ಉಳಿಯುವುದಿಲ್ಲ ಅಂದರು.

ಬೇರೆ ಯಾರಾದರೂ ಆಗಿದ್ದರೆ ಹೋಗಲಿ, ಜೀವ ಮುಖ್ಯ ಅನ್ನಬಹುದಿತ್ತು. ಆದರೆ ಬನಪ್ಪನವರು ಹಾಡುವವರು.

ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುವ ಕುಣಿಮಗ್ಗದಲ್ಲಿ ಕುಳಿತು ರವಿಕೆಯ ಖಣ ನೇಯುತ್ತಾ ಅವರು ತತ್ವಪದ ಎತ್ತಿದರೆ ಓಣಿಯವರು ತಮ್ಮ ಟಿವಿ ಸೌಂಡ್ ಕಡಿಮೆ ಮಾಡುತ್ತಿದ್ದರು. ಅಪ್ಪನಿಂದ, ಅಜ್ಜನಿಂದ ಬಾಯಿಂದ ಬಾಯಿಗೆ ಬಂದ ಪದಗಳು ಅವು... ಬೇರೆ ಯಾರಿಗೂ ಪೂರ್ತಿ ಬರುತ್ತಿರಲಿಲ್ಲ.

"ಅಪ್ಪನ ದನಿ ಹೋಗೂದ್ರಾಗ ಎಲ್ಲಾ ಪದ ರೆಕಾರ್ಡ್ ಮಾಡಿ ಇಡ್ತೀನಿ," ಅಂದಳು ಮಗಳು ರೋಹಿಣಿ.

ಅವಳು ಝೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗಿ. ಅಲ್ಲಿ ಮೂಲೆಗೆ ಬಿದ್ದಿದ್ದ ಹಳೇ ಕಂಪ್ಯೂಟರನ್ನು ಕೇಳಿ ಮನೆಗೆ ತಂದಳು. ಒಂದು ಮೈಕ್, ಒಂದು ಹೆಡ್‌ಫೋನ್ ತರಿಸಿದಳು. ಫ್ರೀ ಸಾಫ್ಟ್‌ವೇರ್ ಹಾಕಿಕೊಂಡಳು. ಮನೆಯಲ್ಲೇ ಹಾಡು ರೆಕಾರ್ಡ್ ಮಾಡುವುದು ಹೇಗೆ ಅಂತ ವಿಡಿಯೋ ಮೇಲೆ ವಿಡಿಯೋ ನೋಡಿದಳು.

ಎಲ್ಲ ವಿಡಿಯೋದಲ್ಲೂ ಮೊದಲ ಪಾಠ ಒಂದೇ... ರೂಮಿನಲ್ಲಿ ಗದ್ದಲ ಇರಬಾರದು.

ಹೊಸದಾಗಿ ಕಲಿತವರು ಗೊತ್ತಲ್ಲ, ಹೇಳಿದ್ದಕ್ಕಿಂತ ಒಂದು ಕೈ ಜಾಸ್ತಿಯೇ ಮಾಡುತ್ತಾರೆ! ರೋಹಿಣಿ ಕಿಟಕಿಗೆ ಕೌದಿ ಕಟ್ಟಿದಳು. ಫ್ಯಾನ್ ಬಂದ್. ಮಗ್ಗವೂ ಬಂದ್.

ತಾಯಿ ನೀಲವ್ವ ಎಂದಿನಂತೆ ಮಗ್ಗದ ಪಕ್ಕ ರಾಟಿ ಇಟ್ಟುಕೊಂಡು ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತುತ್ತಿದ್ದರು. ಮದುವೆಯಾಗಿ ಬಂದಾಗಿನಿಂದ ಅದೇ ರೂಢಿ. ಗಂಡ ನೇಯಬೇಕು, ಇವರು ನೂಲು ಸುತ್ತಬೇಕು. ಅವರು ಸಾಲು ಹಾಡಬೇಕು, ಇವರು ಮೆಲ್ಲಗೆ ಪಲ್ಲವಿ ಗುನುಗಬೇಕು.

"ಅವ್ವಾ, ಮೈಕಿನ್ಯಾಗ ನಿನ್ನ ದನಿ ಬರಾಕತ್ತೈತಿ. ನೀ ಸ್ವಲ್ಪ ಹೊರಗ ಕುಂದರು."

ನೀಲವ್ವ ರಾಟಿ ಎತ್ತಿಕೊಂಡು ಹೋಗಿ ಹೊರಗಿನ ಕಟ್ಟೆ ಮೇಲೆ ಕುಳಿತರು.

ಬನಪ್ಪನವರನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿದ್ದಾಯಿತು. ತಾಳ ತಪ್ಪಬಾರದು ಅಂತ ಕಂಪ್ಯೂಟರ್ ಅದರಲ್ಲಿ ಟಿಕ್... ಟಿಕ್... ಅನ್ನುತ್ತಿತ್ತು.

ಬನಪ್ಪನವರು ಎರಡು ಸಾಲು ಹಾಡಿದರು. ನಿಂತುಬಿಟ್ಟರು.

"ಮುಂದಿಂದು... ಮುಂದಿಂದು ಬರವಲ್ದವಾ."

"ಇರ್ಲಿ ಅಪ್ಪಾ, ಇನ್ನೊಮ್ಮೆ." ತಪ್ಪಿದ್ದನ್ನು ಡಿಲೀಟ್ ಮಾಡಿ ಮತ್ತೆ ರೆಕಾರ್ಡ್ ಒತ್ತಿದಳು.

ಮತ್ತೆ ಅಲ್ಲೇ ನಿಂತರು. ಮತ್ತೆ ಡಿಲೀಟ್...

"ಮಗ್ಗ ಹಚ್ಚಲೇನವಾ?" ಅಂದರು ಬನಪ್ಪನವರು, ಸಣ್ಣ ದನಿಯಲ್ಲಿ.

"ಬ್ಯಾಡಪ್ಪಾ! ಖಟಾಖಟ್ ಅಂತ ಎಲ್ಲಾ ಕೆಡಸ್ತೈತಿ."

ದಿನವೂ ಇದೇ ಆಯಿತು. ಹುಟ್ಟಿದಾಗಿನಿಂದ ಕೇಳಿದ ಪದಗಳನ್ನು ಅಪ್ಪ ಹೀಗೆ ಮರೆಯುವುದನ್ನು ನೋಡಿ ರೋಹಿಣಿಗೆ ಹೆದರಿಕೆಯಾಯಿತು. ಕಾಯಿಲೆ ತಲೆಗೂ ಹತ್ತಿತೇನೋ ಅಂದುಕೊಂಡಳು. ಹಾಡಿಸಿ ಹಾಡಿಸಿ ಇದ್ದ ದನಿಯೂ ಒಡೆಯಿತು. ಆಸ್ಪತ್ರೆಗೆ ಹೊರಡುವ ಹಿಂದಿನ ದಿನ ಮೈಕಿನ ಮುಂದೆ ಬರೀ ಉಸಿರು ಬಂತು.

ಒಂದು ಪದವೂ ಪೂರ್ತಿ ಆಗಲಿಲ್ಲ. ಅರ್ಧಂಬರ್ಧ ಆದದ್ದನ್ನೆಲ್ಲ ಅವಳೇ ಅಳಿಸಿಹಾಕಿದ್ದಳು. ಮಗ್ಗದ ಗದ್ದಲವೇ ಜಾಸ್ತಿ ಅಂತ ಮೊದಲೂ ಯಾವತ್ತೂ ಅಪ್ಪನ ಹಾಡನ್ನು ಫೋನಿನಲ್ಲಿ ಹಿಡಿದಿರಲಿಲ್ಲ...

ಆಪರೇಷನ್ ಆಯಿತು. ಬನಪ್ಪನವರು ಉಳಿದರು. ಕುತ್ತಿಗೆಗೆ ಬಟ್ಟೆ ಸುತ್ತಿಕೊಂಡು ಮನೆಗೆ ಬಂದರು. ಕಂಪ್ಯೂಟರ್ ಮೇಲೆ ರೋಹಿಣಿ ಒಂದು ಟವೆಲ್ ಹೊದಿಸಿದಳು. ಆ ಕಡೆ ನೋಡುವುದಕ್ಕೂ ಅವಳಿಗೆ ಆಗುತ್ತಿರಲಿಲ್ಲ.

ಸ್ವಲ್ಪ ಸುಧಾರಿಸಿದ ಮೇಲೆ ಒಂದು ಬೆಳಿಗ್ಗೆ ಬನಪ್ಪನವರು ತಾವಾಗಿಯೇ ಮಗ್ಗಕ್ಕೆ ಇಳಿದರು. ನೀಲವ್ವ ಕಟ್ಟೆಯಿಂದ ರಾಟಿ ಒಳಗೆ ತಂದು ಪಕ್ಕದಲ್ಲಿ ಕುಳಿತರು.

ಖಟ್ ಖಟಾ... ಖಟ್ ಖಟಾ...

ನೀಲವ್ವನ ಬಾಯಲ್ಲಿ ಪಲ್ಲವಿ ತಾನೇ ಬಂತು. ಮುಗಿಸಿ, ರೂಢಿಯಂತೆ ಸುಮ್ಮನಾದರು. ಗಂಡನ ಸಾಲಿಗೆ ಜಾಗ ಬಿಟ್ಟರು, ಪಾಪ...

ಆ ಜಾಗದಲ್ಲಿ ಮಗ್ಗದ ಸದ್ದು ಬಿಟ್ಟರೆ ಏನೂ ಇರಲಿಲ್ಲ.

ಬಾಗಿಲಲ್ಲಿ ನಿಂತಿದ್ದ ರೋಹಿಣಿ ಅಪ್ಪನ ಮುಖ ನೋಡಿದಳು. ತುಟಿ ಆಡುತ್ತಿತ್ತು! ಮೈಕಿನ ಮುಂದೆ ಬಾರದ ಮೂರನೇ ಸಾಲು, ನಾಲ್ಕನೇ ಸಾಲು... ಒಂದಕ್ಷರ ತಪ್ಪದೆ ತುಟಿಯ ಮೇಲೆ ಬರುತ್ತಿತ್ತು. ದನಿ ಮಾತ್ರ ಇರಲಿಲ್ಲ.

ಅಪ್ಪ ಏನನ್ನೂ ಮರೆತಿರಲಿಲ್ಲ. ಆ ಪದಗಳಿಗೆ ಮಗ್ಗ ಬೇಕಿತ್ತು, ಅವ್ವನ ಪಲ್ಲವಿ ಬೇಕಿತ್ತು. ಎರಡನ್ನೂ ಗದ್ದಲ ಅಂತ ತಾನೇ ಹೊರಗೆ ಹಾಕಿದ್ದೆ ಅಂತ ರೋಹಿಣಿಗೆ ಆಗ ಗೊತ್ತಾಯಿತು. ಅಲ್ಲೇ ಕುಸಿದು ಕುಳಿತು ಅತ್ತಳು.

ನೀಲವ್ವ ಗಂಡನ ತುಟಿಯನ್ನೇ ನೋಡುತ್ತಿದ್ದರು. ಮತ್ತೆ ಪಲ್ಲವಿ ಬಂದು, ಮತ್ತೆ ಆ ಖಾಲಿ ಜಾಗ ಬಂದಾಗ... ಅಷ್ಟು ವರ್ಷದಲ್ಲಿ ಮೊದಲ ಸಲ, ಗಂಡ ಹಾಡಬೇಕಾದ ಸಾಲನ್ನು ಅವರು ಎತ್ತಿದರು.

ಬನಪ್ಪನವರ ಕಣ್ಣಲ್ಲಿ ನೀರು ಬಂತು. ಆದರೂ ಮಗ್ಗ ನಿಲ್ಲಿಸಲಿಲ್ಲ. ಹೆಂಡತಿ ಎಲ್ಲಿ ತಡವರಿಸಿದರೋ ಅಲ್ಲಿ ತುಟಿ ನಿಧಾನ ಮಾಡಿ ತೋರಿಸಿದರು.

ರೋಹಿಣಿ ಎದ್ದು ಟವೆಲ್ ಎಳೆದು ಕಂಪ್ಯೂಟರ್ ಹಚ್ಚಿದಳು. ಈ ಸಲ ಕಿಟಕಿ ಮುಚ್ಚಲಿಲ್ಲ. ಮಗ್ಗ, ರಾಟಿ, ಬೀದಿಯ ಆಟೋ, ಅವ್ವನ ಬಿಕ್ಕು... ಎಲ್ಲವೂ ಮೈಕಿಗೆ ಬಂದವು. ಅವಳು ಯಾವುದನ್ನೂ ಅಳಿಸಲಿಲ್ಲ.

ಈಗ ಆ ಕಂಪ್ಯೂಟರಿನಲ್ಲಿ ಬನಪ್ಪನವರ ಪದಗಳಿವೆ. ಅವರ ಮಗ್ಗದ ಸದ್ದಿದೆ. ನೀಲವ್ವನ ದನಿಯಿದೆ.

ಬನಪ್ಪನವರ ದನಿ ಮಾತ್ರ... ಎಲ್ಲೂ ಇಲ್ಲ.

ಚೊಕ್ಕವಾಗಿ ಹಿಡಿಯುತ್ತೇನೆ ಅಂತ ಕಾಯಬೇಡಿ... ಇದ್ದಂತೆಯೇ, ಇದ್ದಾಗಲೇ ಹಿಡಿದುಕೊಳ್ಳಿ.

ನಿಮ್ಮ ಮನೆಯಲ್ಲಿ "ನೀ ಸ್ವಲ್ಪ ಸುಮ್ನಿರು" ಅಂತ ನೀವು ಕೊನೆಯ ಸಲ ಹೇಳಿದ್ದು ಯಾರಿಗೆ?